ಕಾಲುಚೀಲದೊಳಗಿನ ಕಪ್ಪು ಕಾಳು

ಒದ್ದೆ ತೊಗಲಿನ ವಾಸನೆ ಬಂದರೆ ನನಗೆ ಈಗಲೂ ಅಣ್ಣನ ನೆನಪು. ಮಳೆಯಲ್ಲಿ ಆಡಿ ಬಂದ ದಿನ ಅವನು ಫುಟ್‌ಬಾಲನ್ನು ಬಚ್ಚಲ ಒಲೆಯ ಪಕ್ಕ ಇಟ್ಟು, ಆರುತ್ತಾ ಬಂದಂತೆ ಹೊಲಿಗೆಯ ಗೆರೆಗಳಿಗೆ ಮೇಣ ತಿಕ್ಕುತ್ತಿದ್ದ. ಹಸಿ ತೊಗಲು, ಮೇಣ, ಸೌದೆಯ ಹೊಗೆ ಬೆರೆತ ಆ ವಾಸನೆಯಲ್ಲಿ ಕೂತೇ ನಾನು ಮಗ್ಗಿ ಬಾಯಿಪಾಠ ಮಾಡಿದ್ದು. "ಇದು ಮನೆಯೋ ಚಪ್ಪಲಿ ಅಂಗಡಿಯೋ" ಎಂದು ಅಮ್ಮ ಬೈಯುತ್ತಿದ್ದಳು. ಬೈಯುತ್ತಲೇ, ಚೆಂಡಿಗೆ ಶಾಖ ಹೆಚ್ಚಾಗದಂತೆ ಕೆಂಡವನ್ನು ಒಳಕ್ಕೆ ತಳ್ಳುತ್ತಿದ್ದಳು.

ಅಣ್ಣ ಹೋಗಿ ಬಹಳ ವರ್ಷವಾಯಿತು. ನನ್ನ ಮೂಗು ಮಾತ್ರ ಹಾಗೇ ಇದೆ. "ಅತ್ತೆ ಮೂಗಿಗೆ ಪೊಲೀಸ್ ಇಲಾಖೆಯಲ್ಲಿ ಕೆಲಸ ಸಿಗ್ತಿತ್ತು" ಎಂದು ಸೊಸೆ ತಮಾಷೆ ಮಾಡುತ್ತಾಳೆ. ಹಾಲು ಒಡೆಯುವ ಮೊದಲೇ ನನಗೆ ಗೊತ್ತಾಗುತ್ತದೆ ಎಂಬುದಕ್ಕೆ ಅವಳೇ ಸಾಕ್ಷಿ.

ಆದ್ದರಿಂದ, ಆ ದಿನ ಮೊಮ್ಮಗಳ ಫುಟ್‌ಬಾಲ್ ಕ್ಲಬ್ಬಿನಿಂದ ನನ್ನಲ್ಲಿಗೆ ಒಗೆಯಲು ಬರುವ ಬಟ್ಟೆಯ ಚೀಲದ ಬಾಯಿ ಬಿಚ್ಚಿದಾಗ ಬೆವರು, ಹುಲ್ಲು, ಕೆಂಪು ಮಣ್ಣಿನ ಜೊತೆಗೆ ಇನ್ನೊಂದು ವಾಸನೆ ಬಂದದ್ದು ಭ್ರಮೆಯಲ್ಲ. ಬಿಸಿಲಿಗೆ ಕಾದ ಟೈರಿನ ವಾಸನೆ ಅದು. ಕಾಲುಚೀಲಗಳನ್ನು ಬಕೆಟ್ಟಿನಲ್ಲಿ ನೆನೆಹಾಕಿದೆ. ನೀರು ಬಗ್ಗಿಸುವಾಗ ತಳದಲ್ಲಿ ಕಪ್ಪು ಕಾಳುಗಳು ಕಂಡವು. ಗಸಗಸೆಗಿಂತ ದಪ್ಪ, ಮೆಣಸಿಗಿಂತ ಸಣ್ಣ. ಬೆರಳಲ್ಲಿ ಒತ್ತಿದರೆ ಮೆತ್ತಗೆ. ರಬ್ಬರು.

ನಮ್ಮ ಕ್ಲಬ್ಬಿನ ಮೈದಾನದಲ್ಲಿ ರಬ್ಬರ್ ಇಲ್ಲ. ಹಳೇ ಗಿರಣಿಯ ಹಿಂದಿನ ಕೆಂಪು ನೆಲ ಅದು, ಅಲ್ಲಲ್ಲಿ ಮನಸ್ಸಿದ್ದರೆ ಬೆಳೆಯುವ ಹುಲ್ಲು. ರಬ್ಬರ್ ಕಾಳು ಇರುವುದು ರೈಲು ಹಳಿಯ ಆಚೆ, ಕಟ್ಟಡದ ಕಂಟ್ರಾಕ್ಟರ್ ಒಬ್ಬರು ಕಳೆದ ವರ್ಷ ಶುರು ಮಾಡಿದ ಹೊಸ ಕ್ಲಬ್ಬಿನಲ್ಲಿ. ಅಲ್ಲಿ ನೆಲದ ತುಂಬ ಹಸಿರು ಪ್ಲಾಸ್ಟಿಕ್ ಹುಲ್ಲಿನ ಹಾಸು. ಅದರ ಬುಡದಲ್ಲಿ ಈ ಕಾಳು ಸುರಿದಿರುತ್ತಾರೆ, ಬಿದ್ದರೆ ಪೆಟ್ಟಾಗದಿರಲಿ ಎಂದು.

ನಮ್ಮ ಹುಡುಗಿಯರಲ್ಲಿ ಯಾರೋ ಆಚೆ ಹೋಗಿ ಆಡಿ ಬರುತ್ತಿದ್ದಾರೆ. ಅದೂ ನಮ್ಮ ಕಾಲುಚೀಲ ಹಾಕಿಕೊಂಡೇ.

ಇದು ಎಷ್ಟು ದೊಡ್ಡ ಮಾತು ಎಂದು ಹೊರಗಿನವರಿಗೆ ತಿಳಿಯಲಿಕ್ಕಿಲ್ಲ. ಹುಡುಗಿಯರ ಲೀಗಿನಲ್ಲಿ ಮೇಲಿನ ದರ್ಜೆಯ ಕ್ಲಬ್ಬು ಮೊದಲು ಈ ಸೀಮೆಗೆಲ್ಲ ನಮ್ಮದೊಂದೇ. ಮೈದಾನದ ಅಂಚಿನಲ್ಲಿ ನಿಂತು ತಮ್ಮ ಸರದಿಗೆ ಕಾಯುವಷ್ಟು ಹುಡುಗಿಯರಿದ್ದರು. ಹೊಸ ಕ್ಲಬ್ಬು ಬಂದ ಮೇಲೆ ಕೆಲವರು ಹಳಿ ದಾಟಿದರು, ಇನ್ನು ಕೆಲವರು ಯಾವುದೂ ಬೇಡವೆಂದು ಮನೆಯಲ್ಲಿ ಉಳಿದರು. ಈಗ ಹನ್ನೊಂದು ಜನರನ್ನು ಕಣಕ್ಕಿಳಿಸಿದರೆ ಹೊರಗೆ ಕೂರಲು ಇಬ್ಬರೇ. ತಂಡ ತುಂಬದೆ ಪಂದ್ಯಗಳು ತಪ್ಪಿದರೆ ಲೀಗಿನವರು ಕೆಳದರ್ಜೆಗೆ ತಳ್ಳುತ್ತಾರೆ. ಕೆಳದರ್ಜೆಯ ಪಂದ್ಯಕ್ಕೆ ಆಯ್ಕೆ ಸಮಿತಿಯವರು ಬರುವುದಿಲ್ಲ. ನನ್ನ ಮೊಮ್ಮಗಳು ನಮ್ಮ ಗೋಲ್‌ಕೀಪರ್. ಗೆಳತಿಯರು ಅವಳನ್ನು 'ಗೋಡೆ' ಎನ್ನುತ್ತಾರೆ. ಅವಳ ವಯಸ್ಸಿನವರನ್ನು ಸಮಿತಿ ನೋಡುವುದು ಇದೇ ಕಡೆಯ ವರ್ಷ.

ಹಾಗಾಗಿ ಬಕೆಟ್ಟಿನ ತಳದ ಒಂದು ಕಾಳನ್ನೂ ಚೆಲ್ಲಲಿಲ್ಲ. ಕಾಳುಗಳನ್ನು ಒರೆಸಿ, ಒಂದು ಖಾಲಿ ಮಾತ್ರೆ ಸೀಸೆಗೆ ಹಾಕಿ ಇಟ್ಟೆ. ಯಾರಿಗೂ ಹೇಳಲಿಲ್ಲ.

ಆದರೆ ಯಾರ ಕಾಲಿನದು? ನಮ್ಮ ಕೋಚ್ ಇದಕ್ಕೊಂದು ಪದ್ಧತಿ ಇಟ್ಟಿದ್ದಾರೆ. ಕೊರಳಲ್ಲಿ ಸದಾ ಸೀಟಿ ನೇತಾಡುವುದರಿಂದ ಅವರನ್ನು ಎಲ್ಲರೂ 'ಸೀಟಿ ಮೇಷ್ಟ್ರು' ಎನ್ನುವುದು. ಬಟ್ಟೆ ಕ್ಲಬ್ಬಿನದು, ಯಾರ ಸ್ವಂತದ್ದೂ ಅಲ್ಲ. ಎಲ್ಲ ಒಂದೇ ಚೀಲಕ್ಕೆ, ಒಂದೇ ಮನೆಯಲ್ಲಿ ಒಗೆತ. ಮುಂದಿನ ಸಲ ಚೀಲ ಬಿಚ್ಚಿ, "ಕೈಗೆ ಸಿಕ್ಕಿದ್ದು ಕಾಲಿಗೆ" ಎಂದು ಕೂಗಿದರೆ ಮುಗಿಯಿತು. ಉಳ್ಳವರ ಮಗಳು ಹೊಸದು, ಇಲ್ಲದವರ ಮಗಳು ತೂತಿನದು ಎಂದಾಗಬಾರದಲ್ಲ. ಒಳ್ಳೆಯ ಪದ್ಧತಿಯೇ. ಆದರೆ ಕಳ್ಳರನ್ನು ಹಿಡಿಯಲು ಇದರಷ್ಟು ಕೆಟ್ಟದ್ದು ಬೇರೆ ಇಲ್ಲ.

ನಾನೊಂದು ಉಪಾಯ ಮಾಡಿದೆ. ಪ್ರತಿ ಜೊತೆಯ ಅಂಚಿನೊಳಗೆ ಬೇರೆ ಬೇರೆ ಬಣ್ಣದ ದಾರದ ಗಂಟು ಹಾಕಿದೆ. ಮುಂದಿನ ಅಭ್ಯಾಸಕ್ಕೆ ನಾನೇ ಚೀಲ ಹೊತ್ತು ಹೋಗಿ, ಒಬ್ಬೊಬ್ಬಳಿಗೂ ನಾನೇ ಕೈಯಾರೆ ಕೊಟ್ಟೆ.

"ಏನಜ್ಜಿ, ಇವತ್ತು ರೇಷನ್ ಹಂಚೋ ಹಾಗೆ ಹಂಚ್ತಿದೀರಾ?" ಎಂದಳು ಟೈಲರಮ್ಮನ ಮಗಳು. ಇವಳು ನಮ್ಮ ಬಲಗಡೆಯ ಓಟಗಾರ್ತಿ, ಅಡ್ಡಹೆಸರು 'ಬಾಣ'.

"ಒಂದು ವಾರ ಬಿಡದೆ ಒಂದೇ ಜೊತೆ ಹಾಕ್ಕೊಳಿ. ಅಳತೆ ನೋಡ್ಬೇಕು" ಎಂದೆ. ಸುಳ್ಳು ಹೇಳಿದೆ, ನಾಲಿಗೆ ತಡವರಿಸಲಿಲ್ಲ. ಆಗಲೇ ಬಾಣದ ಕಾಲು ನೋಡಿದೆ. ಹೊಳೆಯುವ ನೀಲಿ ಶೂ, ಒಳ್ಳೇ ಕಂಪನಿಯದು. ಅವಳ ತಾಯಿ ಹೊಲಿಗೆ ಯಂತ್ರದ ಮುಂದೆ ಬೆನ್ನು ಬಗ್ಗಿಸಿ ಕೂರುವುದನ್ನು ದಿನಾ ನೋಡುತ್ತೇನೆ. ಆ ಶೂ ಆ ಮನೆಯಿಂದ ಬಂದದ್ದಲ್ಲ. ಹೊಸ ಕ್ಲಬ್ಬಿನವರು ಆಸೆ ತೋರಿಸಿ ಹುಡುಗಿಯರನ್ನು ಎಳೆಯುತ್ತಾರೆಂದು ಹಲ್ಲಿನ ಡಾಕ್ಟರು ಹೇಳುತ್ತಲೇ ಇದ್ದರು. ಅವರು ನಮ್ಮ ಕ್ಲಬ್ಬಿನ ಅಧ್ಯಕ್ಷರು, ಅವರ ಮಗಳೂ ನಮ್ಮ ತಂಡದಲ್ಲಿದ್ದಾಳೆ.

ವಾರ ಕಳೆದು ಜೊತೆ ಜೊತೆಯಾಗಿ ಒಗೆದೆ. ನೀಲಿ ಗಂಟಿನದರಲ್ಲಿ ಕಪ್ಪು ಕಾಳು. ಬಾಣದ್ದು. ನನ್ನ ಅನುಮಾನ ಸರಿಯಾಯಿತೆಂದು ಒಳಗೊಳಗೇ ಒಂದು ಕೆಟ್ಟ ಖುಷಿ. ಆಮೇಲೆ ಹಳದಿ ಗಂಟಿನದನ್ನು ಮಗುಚಿದೆ. ಅದರ ಬೆರಳ ತುದಿಯಲ್ಲೂ ಒಂದಿಷ್ಟು. ಹಳದಿ ನನ್ನ ಮೊಮ್ಮಗಳದ್ದು.

ಚೀಲದಲ್ಲಿ ಒಂದರಿಂದ ಇನ್ನೊಂದಕ್ಕೆ ಉದುರಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹಸಿರು ಗಂಟಿನದನ್ನೂ ಬಿಳಿ ಗಂಟಿನದನ್ನೂ ಅಷ್ಟು ಗಮನವಿಟ್ಟು ನೋಡಲೂ ಇಲ್ಲ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿ, ಸೂಕ್ಷ್ಮದರ್ಶಕದ ಕೆಳಗೆ ಎಲೆ ಇಟ್ಟು ಪರೀಕ್ಷೆ ಪಾಸಾದವಳು, ಬೇಡವಾದ ಕಾಳನ್ನು ಕಣ್ಣೆದುರೇ ಮರೆಮಾಡಿದೆ.

"ಅತ್ತೆ, ಸಾಕ್ಸ್ ಜೊತೆ ಏನು ಅಷ್ಟೊತ್ತು ಮಾತಾಡ್ತಿದೀರಾ?" ಸೊಸೆ ಬಾಗಿಲಲ್ಲಿ ನಿಂತಿದ್ದಳು.

"ನಿನ್ನ ಮಗಳು ಸಂಜೆ ಹೊತ್ತು ಎಲ್ಲಿಗೆ ಹೋಗ್ತಾಳೆ?"

"ಟ್ಯೂಷನ್‌ಗೆ. ಯಾಕೆ?"

"ಪುಸ್ತಕ ತಗೊಂಡು ಹೋಗ್ತಾಳಾ?"

ಸೊಸೆ ನನ್ನನ್ನೇ ನೋಡಿದಳು. ನನ್ನ ಕೈಯಿಂದ ಬಕೆಟ್ ತೆಗೆದುಕೊಂಡು, "ನಿಮ್ಮ ಸೊಂಟ ಹಿಡ್ಕೊಂಡಿದೆ, ನಾನು ಒಣಹಾಕ್ತೀನಿ" ಎಂದು ಮಹಡಿ ಹತ್ತಿದಳು. ಆ ಮಾತಿನಲ್ಲಿ ಕಕ್ಕುಲಾತಿ ಇತ್ತು. ಆದರೂ, ಇವಳಿಗೂ ಏನಾದರೂ ಗೊತ್ತಿದೆಯೇ ಎಂಬ ಹುಳ ತಲೆ ಹೊಕ್ಕಿತು. ಅನುಮಾನ ಒಮ್ಮೆ ಹತ್ತಿಕೊಂಡರೆ ಒಳ್ಳೆಯ ಮಾತೂ ಕಳ್ಳದಾರಿಯಂತೆ ಕಾಣುತ್ತದೆ.

ಮರುದಿನ ಸಂಜೆ ಬಾಣ ಹಳಿಯ ಕಡೆ ಹೊರಟದ್ದು ಕಂಡಿತು. ನಾನು ತರಕಾರಿ ಚೀಲ ಹಿಡಿದು, ಬೆಕ್ಕಿನ ಹೆಜ್ಜೆಯಲ್ಲಿ ಹಿಂದೆ ಹೋದೆ. ನನ್ನ ಮಂಡಿನೋವಿಗೆ ಬೆಕ್ಕಿನ ಹೆಜ್ಜೆ ಎಂದರೆ ಕುಂಟು ಬೆಕ್ಕಿನದೇ. ಗೇಟಿನಲ್ಲಿ ಗೂಡ್ಸ್ ರೈಲು ಹಾದುಹೋಗುವ ತನಕ ಕಾದು, ಗುಜರಿ ಅಂಗಡಿ ಬಳಸಿಕೊಂಡು, ಹೊಸ ಕ್ಲಬ್ಬಿನ ತಂತಿ ಬೇಲಿಯ ಬಳಿ ಬಂದೆ. ಒಳಗೆ ದೀಪ ಹತ್ತುತ್ತಿತ್ತು. ಹಸಿರು ಹಾಸಿನ ಮೇಲೆ ಬಾಣ ಓಡುತ್ತಿದ್ದಳು. ಡಾಕ್ಟರ ಮಗಳೂ ಇದ್ದಳು. ಎದುರಿನ ಗೋಲಿನಲ್ಲಿ ಕೈಗವಸು ತಟ್ಟಿಕೊಳ್ಳುತ್ತಾ ನಿಂತವಳು ನನ್ನ ಮೊಮ್ಮಗಳು.

ಬೇಲಿ ಹಿಡಿದು ನಿಂತೆ.

"ಯಾರು ಬೇಕಾಗಿತ್ತಮ್ಮ?"

ಬೇಲಿಯ ಒಳಬದಿಯಲ್ಲಿ ಬಕೆಟ್ ಬೋರಲು ಹಾಕಿ ಒಬ್ಬ ಮುದುಕರು ಕೂತಿದ್ದರು. ತಂತಿಯ ತುಂಬ ಬಿಳಿ ಕಾಲುಚೀಲ ಒಣಗಿಸಿದ್ದರು. ಒಂದು ಕಣ್ಣನ್ನು ಕಿರಿದು ಮಾಡಿ ನೋಡುವ ಅಭ್ಯಾಸ. ಗಡಿಯಾರ ರಿಪೇರಿಯವರೆಂದು ಆಮೇಲೆ ಗೊತ್ತಾಯಿತು.

"ಯಾರೂ ಬೇಡ. ದಾರಿಯಲ್ಲಿ ಹೋಗ್ತಿದ್ದೆ."

"ಈ ದಾರಿ ಎಲ್ಲಿಗೂ ಹೋಗಲ್ಲ. ಇಲ್ಲೇ ಮುಗಿಯುತ್ತೆ." ಅವರು ಎದ್ದು ಹತ್ತಿರ ಬಂದರು. "ನೀವು ಹಳಿ ಆಚೆ ಕ್ಲಬ್ಬಿನವರಲ್ವಾ? ನಮ್ಮ ಮಕ್ಕಳನ್ನ ಎಳ್ಕೊಂಡು ಹೋಗೋದಕ್ಕೆ ಈಗ ಅಜ್ಜಿಯರನ್ನೂ ಕಳಿಸ್ತಾರಾ?"

"ಯಜಮಾನ್ರೆ, ಎಳೀತಿರೋರು ನೀವು. ಅಲ್ಲಿ ಆಡ್ತಿರೋದು ನಮ್ಮ ಹುಡುಗಿಯರು."

"ಹೌದಾ?" ಅವರು ಒಂದು ಬಿಳಿ ಕಾಲುಚೀಲ ಎಳೆದು ನನ್ನ ಮೂಗಿನ ಮುಂದೆ ಹಿಡಿದರು. "ಹಾಗಾದ್ರೆ ಇದೇನು ಹೇಳಿ. ಎಷ್ಟು ಉಜ್ಜಿದ್ರೂ ಹೋಗಲ್ಲ. ಈ ಕೆಂಪು ನಮ್ಮಲ್ಲಿ ಎಲ್ಲಿದೆ? ಎರಡು ತಿಂಗಳಿಂದ ನೋಡ್ತಿದೀನಿ. ನನ್ನ ಮೊಮ್ಮಗಳನ್ನೂ ಬಿಟ್ಟಿಲ್ಲ ನೀವು."

ಅದು ನಮ್ಮ ಗಿರಣಿಯ ಹಿಂದಿನ ಮಣ್ಣೇ. ಮೂಸಿ ನೋಡುವ ಅಗತ್ಯವೇ ಇರಲಿಲ್ಲ. ಆದರೂ ನೋಡಿದೆ. ನಾನು ಚೀಲದಿಂದ ಮಾತ್ರೆ ಸೀಸೆ ತೆಗೆದು ಅವರ ಮುಂದೆ ಅಲ್ಲಾಡಿಸಿದೆ. ಇಬ್ಬರೂ ಸ್ವಲ್ಪ ಹೊತ್ತು ಒಬ್ಬರ ಸಾಕ್ಷಿಯನ್ನೊಬ್ಬರು ನೋಡುತ್ತಾ ಪೆಚ್ಚಾಗಿ ನಿಂತೆವು.

ಆಮೇಲೆ ಅವರು ಎರಡನೇ ಬಕೆಟ್ಟನ್ನು ಬೋರಲು ಹಾಕಿ, ತಮ್ಮ ಟವೆಲ್ಲಿನಿಂದ ಅದರ ಒದ್ದೆ ಒರೆಸಿ, ಚಿಕ್ಕ ಗೇಟು ತೆಗೆದರು. "ಕೂತ್ಕೊಳಿ. ಜಗಳ ಆಡೋದಿದ್ರೂ ಕೂತೇ ಆಡೋಣ."

ಕೂತು ಮೈದಾನ ನೋಡಿದೆ. ನಮ್ಮ ಕೆಂಪು ಕಾಲುಚೀಲ, ಅವರ ಬಿಳಿ ಕಾಲುಚೀಲ ಎರಡೂ ಬೆರೆತು ಎರಡು ಪೂರ್ತಿ ತಂಡಗಳು ಆಡುತ್ತಿದ್ದವು. ನಮ್ಮ ಮೈದಾನದಲ್ಲಿ ಹೀಗೆ ಪೂರ್ತಿ ಆಟ ನೋಡಿ ವರ್ಷವಾಗಿತ್ತು. ಆಚೆ ತುದಿಯ ಗೋಲಿನಲ್ಲಿ ಉದ್ದ ಕಾಲಿನ ಹುಡುಗಿಯೊಬ್ಬಳಿದ್ದಳು. ಚೆಂಡು ಮೂಲೆಗೆ ಬಂದರೆ ನೆಲ ಬಿಟ್ಟು ತೇಲಿದಂತೆ ಹಾರಿ ಹಿಡಿಯುತ್ತಿದ್ದಳು. "ನನ್ನ ಮೊಮ್ಮಗಳು. ಕೊಕ್ಕರೆ ಅಂತಾರೆ" ಎಂದರು ಗಡಿಯಾರದವರು. ಹೆಮ್ಮೆಯನ್ನು ಮುಚ್ಚಿಡಲು ಕೆಮ್ಮಿದರು. ಬಾಣದ ಶೂ ಕಡೆ ಕೈ ತೋರಿಸಿ, "ಅದು ನಮ್ಮವಳದ್ದೇ, ಅವಳಿಗೆ ಚಿಕ್ಕದಾಯ್ತು" ಎಂದರು. ನಾನು ಆ ಕಡೆ ನೋಡದೆ ಸೆರಗು ಸರಿಮಾಡಿಕೊಂಡೆ.

ಆಟ ಆಡಿಸುತ್ತಿದ್ದವರು ನಮ್ಮ ಸೀಟಿ ಮೇಷ್ಟ್ರೇ. ನನ್ನನ್ನು ಕಂಡು ಓಡುತ್ತಾ ಬಂದರು. ಮುಖ ಬಿಳಿಚಿತ್ತು.

"ಅಮ್ಮ, ನಾನೇ ಹೇಳ್ಬೇಕಾಗಿತ್ತು."

"ಹೇಳಿ ಈಗ."

"ಈ ಕ್ಲಬ್ಬಿನ ಕೋಚೂ ನಾನೂ ಚಿಕ್ಕವರಿದ್ದಾಗಿಂದ ಜೊತೆಗಾರರು. ಇವರಿಗೆ ಹನ್ನೊಂದಕ್ಕೆ ಇಬ್ಬರು ಕಮ್ಮಿ, ನಮಗೆ ಯಾವಾಗ ಕಮ್ಮಿ ಆಗುತ್ತೋ ಗೊತ್ತಿಲ್ಲ. ಈ ಸೀಮೆಯಲ್ಲಿ ಇಷ್ಟು ಚೆನ್ನಾಗಿ ಆಡೋರು ಒಂದು ತಂಡಕ್ಕಾಗಿ ಸ್ವಲ್ಪ ಮಿಗ್ತಾರೆ ಅಷ್ಟೆ. ಕ್ಲಬ್ಬು ಮಾತ್ರ ಎರಡು. ನಿಮ್ಮ ಗಿಡಗಳ ಲೆಕ್ಕದಲ್ಲಿ ನೋಡಿ. ಒಂದು ಪಾತಿಯ ನೀರು, ಎರಡು ಸಾಲು ಸಸಿ."

"ಅದಕ್ಕೆ ಕದ್ದು ಆಡಿಸೋದಾ?"

"ಅಧ್ಯಕ್ಷರುಗಳಿಗೆ ಹೇಳಿದ್ರೆ ಇಬ್ಬರೂ ನಮ್ಮ ಕುತ್ತಿಗೆ ಹಿಡೀತಾರೆ. ಮೊದಲು ಹುಡುಗಿಯರು ಇಲ್ಲಿ, ಒಮ್ಮೊಮ್ಮೆ ನಮ್ಮಲ್ಲಿ, ಒಟ್ಟಿಗೆ ಆಡಿ ಅಭ್ಯಾಸ ಆಗ್ಲಿ, ಆಮೇಲೆ ಸೇರಿಸೋ ಮಾತು ಎತ್ತೋಣ ಅಂತ. ಮನೆಗಳಲ್ಲಿ ಹೇಳ್ಬೇಡಿ ಅಂದಿದ್ದೂ ನಾವೇ. ಅದು ತಪ್ಪು."

ನಾನು ಗೋಲಿನ ಕಡೆ ನೋಡಿದೆ. "ಸೇರಿಸಿದ್ರೆ ಗೋಲಿಗೆ ಯಾರು ನಿಲ್ತಾರೆ, ಮೇಷ್ಟ್ರೆ?"

ಅವರು ಸೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತರು. ಗಡಿಯಾರದವರೇ ಮೆಲ್ಲಗೆ ಹೇಳಿದರು: "ಎರಡು ಕೆಟ್ಟ ಗಡಿಯಾರ ಬಿಚ್ಚಿ ಒಂದು ಓಡೋ ಹಾಗೆ ಮಾಡಿದೀನಿ ಎಷ್ಟೋ ಸಲ. ಅದೇನು ಕಷ್ಟ ಅಲ್ಲ. ಉಳ್ಕೊಳ್ಳೋ ಚಕ್ರ ಕೈಯಲ್ಲಿ ಹಿಡ್ಕೊಂಡು ಕೂರೋದೇ ಕಷ್ಟ."

ಮನೆಗೆ ಬರುವಾಗ ಮೊಮ್ಮಗಳು ನನ್ನ ಚೀಲ ತೆಗೆದುಕೊಂಡು ಪಕ್ಕದಲ್ಲೇ ನಡೆದಳು. ಹಳಿ ದಾಟಿದ ಮೇಲೆ ಕೇಳಿದೆ.

"ಮೇಷ್ಟ್ರು ಆ ಹುಡುಗಿಗೋಸ್ಕರ ನಿನ್ನನ್ನ ಬಲಿ ಕೊಡ್ತಿದಾರೆ ಅನ್ಸಲ್ವಾ?"

"ಅಜ್ಜಿ, ನಿನಗೆ ಎಲ್ಲರ ಮೇಲೂ ಡೌಟು."

"ನನ್ನ ಮಾತಿಗೆ ಉತ್ತರ ಹೇಳು."

"ಅವಳು ನನಗಿಂತ ಚೆನ್ನಾಗಿ ಹಿಡೀತಾಳೆ. ಮೊದಲನೇ ದಿನವೇ ಗೊತ್ತಾಯ್ತು. ಮನೆಗೆ ಬಂದು ಬಾತ್‌ರೂಮಲ್ಲಿ ಅತ್ತೆ." ಸ್ವಲ್ಪ ದೂರ ನಡೆದು ಮತ್ತೆ ಹೇಳಿದಳು. "ನಮ್ಮ ಮೈದಾನದಲ್ಲಿ ಗೋಲು ನಂದೇ. ಆದ್ರೆ ಹೊಡೆಯೋರು ಬೇಕಲ್ಲ? ಅರ್ಧ ತಂಡದ ಎದುರು ನಿಂತು ನಾನೆಂಥಾ ಗೋಡೆ? ಇಲ್ಲಿ ಬಂದ ಮೇಲೆ ನನಗೆ ಎಡಗಡೆ ಹಾರಿ ಬೀಳೋಕೆ ಬಂತು. ಅವಳೇ ಹೇಳ್ಕೊಟ್ಟಿದ್ದು."

"ಸುಮ್ನೆ ಹೇಳ್ಕೊಟ್ಳಾ? ಅವಳಿಗೇನು ಲಾಭ?"

"ನೋಡು, ಮತ್ತೆ ಶುರು ಮಾಡ್ದೆ" ಎಂದು ನಕ್ಕಳು. ನಗು ಅರ್ಧಕ್ಕೇ ನಿಂತಿತು.

ಮೂರನೆಯ ದಿನಕ್ಕೆ ಡಾಕ್ಟರು ಸಭೆ ಕರೆದರು. ಅವರ ಕಿವಿಗೂ ಏನೋ ಬಿದ್ದಿತ್ತು. ಕ್ಲಿನಿಕ್ಕಿನ ಹೊರಕೋಣೆಯಲ್ಲಿ, ಮೀನಿನ ತೊಟ್ಟಿಯ ಸುತ್ತ, ಹಲ್ಲು ಕೀಳಿಸಿಕೊಳ್ಳಲು ಬಂದವರಂತೆ ಪಾಲಕರೆಲ್ಲ ಸಪ್ಪೆ ಮುಖ ಹಾಕಿ ಕೂತಿದ್ದೆವು. ಹುಡುಗಿಯರು ಗೋಡೆಗೆ ಒರಗಿ ನಿಂತಿದ್ದರು.

"ನಮ್ಮೊಳಗೇ ಯಾರೋ ಆಚೆ ಕೈ ಜೋಡಿಸಿದಾರೆ" ಎಂದು ಡಾಕ್ಟರು ಶುರು ಮಾಡಿದರು. "ಈ ಸೀಮೆಗೆ ಎರಡಲ್ಲ, ನಾಲ್ಕು ಕ್ಲಬ್ಬು ಬಂದ್ರೂ ತಡೆಯುತ್ತೆ. ಹುಡುಗಿಯರಿಗೇನು ಬರ? ಇಲ್ಲದೇ ಇರೋದು ನಿಯತ್ತು." ಅವರ ಕಣ್ಣು ಟೈಲರಮ್ಮನ ಮೇಲೆ ನಿಂತಿತು. "ಕೆಲವರ ಕಾಲಿಗೆ ಹೊಸ ಶೂ ಬಂದಿದೆ."

ಟೈಲರಮ್ಮ ತಲೆ ತಗ್ಗಿಸಿ ಸೆರಗಿನ ದಾರ ಕೀಳತೊಡಗಿದಳು. ಬಾಣ ಒಂದು ಕಾಲನ್ನು ಇನ್ನೊಂದರ ಹಿಂದೆ ಮರೆಮಾಡಿಕೊಂಡಳು.

"ಅಮ್ಮ, ಬಟ್ಟೆ ಒಗೆಯೋರು ನೀವು" ಎಂದು ಡಾಕ್ಟರು ನನ್ನ ಕಡೆ ತಿರುಗಿದರು. "ನಿಮ್ಮ ಕಣ್ಣಿಗೆ ಏನಾದ್ರೂ ಬಿದ್ದಿದೆಯಾ?"

ಸೀಟಿ ಮೇಷ್ಟ್ರು ನೆಲ ನೋಡುತ್ತಿದ್ದರು. ಕಾಳಿನ ಮಾತು ಎತ್ತಿ, ಮೇಷ್ಟ್ರ ಹೆಸರು ಹೇಳಿದರೆ ಸಾಕಿತ್ತು. ಅವರ ಕೆಲಸ ಹೋಗುತ್ತಿತ್ತು, ಎರಡು ಕ್ಲಬ್ಬಿನ ನಡುವಿನ ಬೇಲಿ ಗಟ್ಟಿಯಾಗುತ್ತಿತ್ತು, ಈ ವರ್ಷ ತಂಡ ಇರುವಷ್ಟು ದಿನ ಗೋಲು ನನ್ನ ಮೊಮ್ಮಗಳದ್ದೇ ಆಗಿರುತ್ತಿತ್ತು. ಸುಮ್ಮನಿದ್ದರೆ ಶೂವಿನ ಅಪವಾದ ಟೈಲರಮ್ಮನ ತಲೆಗೆ ಬರುತ್ತಿತ್ತು. ಮೊಮ್ಮಗಳ ಕಡೆ ನೋಡಿದೆ. ಅವಳು ಪಂದ್ಯದಲ್ಲಿ ಚೆಂಡು ಬರುವ ಮೊದಲು ನಿಲ್ಲುವ ಹಾಗೆ, ಮಂಡಿ ಸ್ವಲ್ಪ ಬಗ್ಗಿಸಿ ನಿಂತಿದ್ದಳು.

ಸೀಸೆ ತೆಗೆದು ಪತ್ರಿಕೆಗಳಿದ್ದ ಮೇಜಿನ ಮೇಲೆ ಇಟ್ಟೆ. ಪಕ್ಕದಲ್ಲಿ, ಗಡಿಯಾರದವರಿಂದ ಕೇಳಿ ತಂದಿದ್ದ ಬಿಳಿ ಕಾಲುಚೀಲ.

"ಈ ಕಾಳು ಆಚೆ ಮೈದಾನದ್ದು. ನಮ್ಮ ಹುಡುಗಿಯರ ಸಾಕ್ಸಲ್ಲಿ ಸಿಕ್ತು. ನನ್ನ ಮೊಮ್ಮಗಳ ಸಾಕ್ಸಲ್ಲೂ ಸಿಕ್ತು. ಈ ಕೆಂಪು ಮಣ್ಣು ನಮ್ಮದು. ಇದು ಅವರ ಸಾಕ್ಸಲ್ಲಿ ಸಿಕ್ಕಿದ್ದು. ಯಾರು ಯಾರನ್ನ ಕದ್ರು ಅಂತ ನೀವೇ ಹೇಳಿ ಡಾಕ್ಟ್ರೆ. ಶೂ ಆಚೆ ಗೋಲ್‌ಕೀಪರಿಗೆ ಚಿಕ್ಕದಾಗಿ ಇವಳಿಗೆ ಕೊಟ್ಟಿದ್ದು. ಯಾರೂ ಯಾರನ್ನೂ ಕೊಂಡುಕೊಂಡಿಲ್ಲ. ಪೂರ್ತಿ ಆಟ ಆಡೋಕೆ ಜನ ಸಾಲದೆ ಮಕ್ಕಳು ಅಲ್ಲಿಂದಿಲ್ಲಿಗೆ ಇಲ್ಲಿಂದಲ್ಲಿಗೆ ಓಡಾಡ್ತಿದಾರೆ."

"ಯಾರ ಅಪ್ಪಣೆಯಿಂದ?"

"ನನ್ನದು" ಎಂದು ಸೀಟಿ ಮೇಷ್ಟ್ರು ಎದ್ದು ನಿಂತರು.

ಡಾಕ್ಟರ ಮುಖ ಕೆಂಪಾಯಿತು. ಅವರು ಬಾಯಿ ತೆರೆಯುವಷ್ಟರಲ್ಲಿ ಹುಡುಗಿಯರ ಸಾಲಿನಿಂದ ಸಣ್ಣ ದನಿ ಬಂತು. "ಅಪ್ಪ, ನಾನೂ ಹೋಗ್ತಿದ್ದೆ. ಟ್ಯೂಷನ್ ಅಂತ."

"ನೀನೂನಾ?"

"ಎಲ್ಲರೂ, ಅಪ್ಪ."

ಡಾಕ್ಟರು ಕುರ್ಚಿಯ ಮೇಲೆ ಕೂತರು. "ಆ ಕಂಟ್ರಾಕ್ಟರ್ ಜೊತೆ ನಾನು ಒಂದೇ ಮೇಜಿಗೆ ಕೂರ್ಬೇಕಾ?" ಎಂದರು.

"ಬೇಡ ಬಿಡಿ, ಎರಡು ಮೇಜು ಹಾಕಿಸೋಣ" ಎಂದಳು ನನ್ನ ಸೊಸೆ.

ಮೊದಲು ಯಾರೋ ಫಕ್ಕನೆ ನಕ್ಕರು, ಆಮೇಲೆ ಟೈಲರಮ್ಮನೂ ನಕ್ಕಳು.

ಇಬ್ಬರು ಅಧ್ಯಕ್ಷರ ಹಗ್ಗಜಗ್ಗಾಟ ಹೇಳುತ್ತಾ ಹೋದರೆ ಅದೇ ಒಂದು ಪುರಾಣ. ಹೆಸರಿಗೆ ಜಗಳ, ಬಣ್ಣಕ್ಕೆ ಜಗಳ. ಕೊನೆಗೆ ಹುಡುಗಿಯರೇ ಎಡಗಾಲಿಗೆ ಕೆಂಪು, ಬಲಗಾಲಿಗೆ ಬಿಳಿ ಎಂದು ತೀರ್ಮಾನಿಸಿದರು. ಸೀಸನ್ನಿನ ಉಳಿದರ್ಧಕ್ಕೆ ಒಂದೇ ತಂಡವಾಗಿ ಆಡಲು ಲೀಗಿನವರು ಒಪ್ಪಿದರು. ಒಗೆತ ಒಂದು ವಾರ ನನ್ನದು, ಒಂದು ವಾರ ಗಡಿಯಾರದವರದು.

ಮೊದಲ ಪಂದ್ಯಕ್ಕೆ ಸೀಟಿ ಮೇಷ್ಟ್ರು ಹೆಸರು ಕೂಗಿದರು. ಗೋಲಿಗೆ ಕೊಕ್ಕರೆ. ನನ್ನ ಮೊಮ್ಮಗಳು ಹೊರಗಿನ ಬೆಂಚಿಗೆ.

ಗೊತ್ತಿದ್ದದ್ದೇ. ಆದರೂ ನನ್ನ ತಲೆ ಸುಮ್ಮನಿರಲಿಲ್ಲ. ಇದೆಲ್ಲ ಮೊದಲೇ ಮಾತಾಗಿತ್ತೇ? ಆ ದಿನ ಬಕೆಟ್ ಒರೆಸಿ ಕೂರಿಸಿದ್ದು ಇದಕ್ಕೇ ಇರಬಹುದೇ? ಪಕ್ಕದಲ್ಲಿ ಕೂತ ಗಡಿಯಾರದವರನ್ನು ಓರೆಗಣ್ಣಿನಿಂದ ನೋಡಿದೆ. ಅವರ ಮುಖದಲ್ಲಿ ಗೆದ್ದವರ ಕಳೆ ಹುಡುಕಿದೆ. ಸಿಗಲಿಲ್ಲ. ಅವರು ಆಟವನ್ನೇ ನೋಡುತ್ತಿರಲಿಲ್ಲ. ಬೆಂಚಿನ ಕಡೆ ನೋಡುತ್ತಿದ್ದರು. ಅಲ್ಲಿ ನನ್ನ ಹುಡುಗಿ ಕೈಗವಸು ಹಾಕಿಕೊಂಡೇ ಕೂತು, ಎದುರಿನವರು ಚೆಂಡು ಒದ್ದಾಗಲೆಲ್ಲ ಕೂತಲ್ಲೇ ಎಡಕ್ಕೆ ಬಲಕ್ಕೆ ವಾಲುತ್ತಿದ್ದಳು. "ಕೊಕ್ಕರೆ, ಎಡಕ್ಕೆ" ಎಂದು ಒಮ್ಮೆ ಕೂಗಿದಳು. ಕೊಕ್ಕರೆ ಎಡಕ್ಕೆ ಹಾರಿ ಹಿಡಿದಳು. ಆಯ್ಕೆ ಸಮಿತಿಯ ಇಬ್ಬರಲ್ಲಿ ಒಬ್ಬರು ಗೋಲಿನ ಕಡೆ ನೋಡಿದರು, ಆಮೇಲೆ ಬೆಂಚಿನ ಕಡೆ. ಅದರಿಂದ ಏನಾದರೂ ಆಗುತ್ತದೋ ಇಲ್ಲವೋ, ನಾನು ಹೇಳಲಾರೆ.

ಪಂದ್ಯ ಸಮವಾಗಿ ಮುಗಿಯಿತು. ಹುಡುಗಿಯರು ಬೆವರು ಒರೆಸಿಕೊಳ್ಳುತ್ತಾ ಹೊರಗೆ ಬಂದರು. ಗಡಿಯಾರದವರು ಬಟ್ಟೆಯ ಕೈಚೀಲದಿಂದ ಊಟದ ಡಬ್ಬಿ ತೆಗೆದರು. ಒಂದೇ ಡಬ್ಬಿ. ಕೊಕ್ಕರೆ ಪಂದ್ಯದ ಮೊದಲು ಏನೂ ತಿನ್ನುವುದಿಲ್ಲ, ಮುಗಿದ ಕೂಡಲೇ ಹಸಿವಿನಿಂದ ಕಣ್ಣಿಗೆ ಕತ್ತಲೆ ಕವಿಯುತ್ತದೆ ಎಂದು ಬೆಳಿಗ್ಗೆ ಅವರೇ ಹೇಳಿದ್ದರು. ಅವಳು ಅಜ್ಜನ ಕಡೆ ಬರುತ್ತಿದ್ದವಳು, ಅವರ ಕೈಯಲ್ಲಿದ್ದ ಡಬ್ಬಿ ನೋಡಿ, ಅವರು ಎತ್ತ ಹೊರಟರೆಂದು ನೋಡಿ, ಅಲ್ಲೇ ನಿಂತಳು. ಆಗಲಿ ಎಂಬಂತೆ ತಲೆಯಾಡಿಸಿದಳು.

ಅವರು ಬೆಂಚಿನ ತನಕ ನಡೆದು, ಡಬ್ಬಿಯನ್ನು ನನ್ನ ಮೊಮ್ಮಗಳ ಕೈಗೆ ಕೊಟ್ಟರು. ಅವಳು ಒಂದು ಕ್ಷಣ ಹಾಗೇ ಹಿಡಿದುಕೊಂಡಿದ್ದಳು. ಆಮೇಲೆ ಕೈಗವಸು ಬಿಚ್ಚಿ ಪಕ್ಕಕ್ಕಿಟ್ಟು, ಮುಚ್ಚಳ ತೆಗೆದು, ನನ್ನ ಹಾಗೆಯೇ, ಮೊದಲು ಮೂಸಿ ನೋಡಿದಳು.